ಉಸ್ಸಪ್ಪಾ ಶಾಸ್ತ್ರ ಪ್ರವೇಶಿಕೆ

ಯಾವ ಶಾಸ್ತ್ರವನ್ನೇ ಆಗಲಿ, ಶುರು ಮಾಡುವ ಮುಂಚೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂದು ಪೂರ್ವಿಕರ ಕಟ್ಟಪ್ಪಣೆ. ಹೇಳಿಬಿಡೋಣ. ಪ್ರಕೃತ ಶಾಸ್ತ್ರದ ವಿಷಯ, ಕುರ್ಚಿಗೆ ಬೆನ್ನು ತಾಗುವ ಹೊತ್ತಿಗೆ ಕನ್ನಡಿಗರ ಬಾಯಿಂದ ಹೊರಡುವ ‘ಉಸ್ಸಪ್ಪಾ’. ಇದಕ್ಕೆ ಅಧಿಕಾರಿಗಳು ಯಾರೆಂದರೆ, ಮೆಜೆಸ್ಟಿಕ್ಕಿನಿಂದ ನಿಂತುಕೊಂಡೇ ಬಂದವರು, ಲಿಫ್ಟು ಕೆಟ್ಟ ದಿನವೇ ಅಕ್ಕಿ ಮೂಟೆ ತಂದವರು, ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಬಡಿಸಿ ಮುಗಿಸಿದವರು. ಸಂಬಂಧ ಎಂದರೆ ಬಿಟ್ಟವರಿಗೂ ಬಿಟ್ಟದ್ದಕ್ಕೂ ಇರುವ ಸಂಬಂಧ, ಹೆಚ್ಚು ಕೆದಕಬಾರದು. ಪ್ರಯೋಜನ ಮನಶ್ಶಾಂತಿ, ಮನೆಯವರು ಕೇಳಿಸಿಕೊಂಡರೆ ಒಂದು ಲೋಟ ಕಾಫಿಯೂ.

ಪ್ರಥಮ ಸೂತ್ರ: ಕೂತ ಮೇಲೆ ಉಸ್ಸಪ್ಪಾ.

ಇದಕ್ಕೆ ನಮ್ಮದೇ ಭಾಷ್ಯ. ಸಂತೆ ಮುಗಿಸಿ ಬಂದ ಅಜ್ಜಿಯೊಬ್ಬರು ಜಗುಲಿಯ ಮೇಲೆ ಕೂರುವುದನ್ನು ಜಿಜ್ಞಾಸುಗಳು ಹತ್ತಿರದಿಂದ ಗಮನಿಸಬೇಕು. ಚೀಲ ಮೊದಲು ಕೆಳಗೆ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕಂಬಕ್ಕೆ. ಬಗ್ಗುವಾಗ ಮೂಗಿನಿಂದ ಒಂದು ಉಸಿರು ಒಳಕ್ಕೆ. ಅರ್ಧ ಇಳಿದ ಮೇಲೆ, ಮಂಡಿ ಚುಳ್ಳೆಂದಾಗ, ಅದರ ಮೇಲೆ ಇನ್ನೊಂದು ಸಣ್ಣ ಗುಟುಕು. ಕೂತಾಯಿತು ಎಂದ ಮೇಲೆ ಬಾಯಿಂದ ಉದ್ದಕ್ಕೆ ಹೊರಗೆ, ದೇವರ ಹೆಸರಿನೊಂದಿಗೋ ಸೊಸೆಯ ಹೆಸರಿನೊಂದಿಗೋ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರಿಗೆ ಮಾಡಿಸಿದ್ದೂ ಇದನ್ನೇ. ಎರಡು ಸಲ ಎಳೆದುಕೊಂಡು ಒಂದು ಸಲ ನಿಧಾನವಾಗಿ ಬಿಡುವುದು, ದಿನಕ್ಕೆ ಐದು ನಿಮಿಷ, ಒಂದು ತಿಂಗಳು. ಸುಮ್ಮನೆ ಕೂತು ಧ್ಯಾನದಲ್ಲಿ ಉಸಿರನ್ನು ಗಮನಿಸಿದವರಿಗಿಂತ ಹೀಗೆ ನಿಟ್ಟುಸಿರಿಟ್ಟವರ ಮನಸ್ಸು ಹೆಚ್ಚು ಗೆಲುವಾಯಿತು. ಅಜ್ಜಿಗೆ ಇದನ್ನು ತಿಳಿಸಿದರೆ ಉಸ್ಸಪ್ಪಾ ಎನ್ನುತ್ತಾರೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. “ಪತಂಜಲಿ ಪ್ರಾಣಾಯಾಮಕ್ಕೆ ದೇಶ, ಕಾಲ, ಸಂಖ್ಯೆ ಎಂದು ಲೆಕ್ಕ ಕೊಟ್ಟಿದ್ದಾನೆ. ಹಠಯೋಗ ಪ್ರದೀಪಿಕೆಯ ಸ್ವಾತ್ಮಾರಾಮ ಸೂರ್ಯಭೇದನ, ಉಜ್ಜಾಯಿ, ಸೀತ್ಕಾರಿ, ಶೀತಲಿ, ಭಸ್ತ್ರಿಕಾ, ಭ್ರಾಮರಿ, ಮೂರ್ಛಾ, ಪ್ಲಾವಿನಿ ಎಂದು ಎಂಟೇ ಕುಂಭಕಗಳನ್ನು ಎಣಿಸಿದ್ದಾನೆ. ನಿನ್ನ ಉಸ್ಸಪ್ಪಾ ಎಲ್ಲಿಂದ ಬಂತಯ್ಯಾ?”

ಸಮಾಧಾನ ಹೀಗೆ. ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂಬುದು ರೇಷನ್ ಅಂಗಡಿಯ ನ್ಯಾಯ, ಶಾಸ್ತ್ರದ್ದಲ್ಲ. ಮೇಲಾಗಿ ಮನುಷ್ಯ ತನಗೆ ತಿಳಿಯದೆಯೇ ಸುಮಾರು ಐದು ನಿಮಿಷಕ್ಕೊಂದು ನಿಟ್ಟುಸಿರು ಬಿಡುತ್ತಾನೆ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಸಣ್ಣ ಉಸಿರಿನಲ್ಲೇ ಕಾಲ ತಳ್ಳಿದರೆ ಕೆಲವು ಮುದುಡಿಕೊಳ್ಳುತ್ತವೆ. ಆಗ ಮಾಮೂಲಿನ ಎರಡರಷ್ಟು ಗಾಳಿ ಒಮ್ಮೆಗೇ ನುಗ್ಗಿ ಅವನ್ನು ಅರಳಿಸುತ್ತದೆ. ಅಂದರೆ ಪೂರ್ವಪಕ್ಷಿ ವಾದ ಮಾಡುತ್ತಾ ಮಾಡುತ್ತಾ ನಮ್ಮ ಶಾಸ್ತ್ರವನ್ನು ಆಚರಿಸುತ್ತಲೇ ಇದ್ದಾನೆ. ಇವೆಲ್ಲಕ್ಕೂ ತಾಳ ಹಾಕುವುದು ಮಿದುಳಿನ ಬುಡದ ಒಂದು ಪುಟ್ಟ ನರಗುಚ್ಛ. ಅದರ ಹೆಸರಿನಲ್ಲಿರುವ ‘ಬೋಟ್ಸಿಂಗರ್’ ಯಾವ ಋಷಿಯೂ ಅಲ್ಲ. ಜರ್ಮನಿಯಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನವೊಂದರಲ್ಲಿ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿಯ ಚೀಟಿಯಲ್ಲಿದ್ದ ಹೆಸರು. ಆ ಸಮ್ಮೇಳನ ಹಾಸನದಲ್ಲಿ ನಡೆದಿದ್ದರೆ ಇವತ್ತು ವೈದ್ಯ ವಿದ್ಯಾರ್ಥಿಗಳು ‘ಫಿಲ್ಟರ್ ಕಾಫಿ ಕೇಂದ್ರ’ ಎಂದು ಬಾಯಿಪಾಠ ಮಾಡುತ್ತಿದ್ದರು.

ದ್ವಿತೀಯ ಸೂತ್ರ: ಎಳೆದದ್ದು ಸಾಲ, ಬಿಟ್ಟದ್ದು ಲಾಭ.

ಉಸಿರು ಒಳಗೆ ಹೋಗುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ಆದ್ದರಿಂದ ಬಿಡುವುದನ್ನು ಉದ್ದ ಮಾಡಿದಷ್ಟೂ ಹೃದಯಕ್ಕೆ ವಿರಾಮ. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುವವರು ಅದನ್ನು ಆರಕ್ಕೆ ಇಳಿಸಿದರೆ ಹೃದಯ, ರಕ್ತದೊತ್ತಡ, ಉಸಿರು ಮೂರೂ ಒಂದೇ ಲಯಕ್ಕೆ ಬರುತ್ತವೆ. 2001ರಲ್ಲಿ ಇಟಲಿಯ ಸಂಶೋಧಕರು ಲ್ಯಾಟಿನ್ನಿನ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಮತಗಳು ಬಡಿದಾಡಿಕೊಂಡರೂ ಮೂಗುಗಳು ರಾಜಿ ಮಾಡಿಕೊಂಡಿವೆ.

ಭ್ರಾಮರಿಯ ವಿಚಾರದಲ್ಲೂ ಒಂದು ಮಾತು. ಬಾಯಿ ಮುಚ್ಚಿ ಗುಂಯ್‌ಗುಟ್ಟಿದರೆ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಹದಿನೈದು ಪಟ್ಟು ಹೆಚ್ಚುತ್ತದೆಂದು ಸ್ವೀಡನ್ನಿನವರು 2002ರಲ್ಲಿ ಅಳೆದಿದ್ದಾರೆ. ಪೇಪರು ಅಡ್ಡ ಹಿಡಿದು ಹೆಂಡತಿಯ ಪ್ರತಿ ಮಾತಿಗೂ ‘ಹ್ಞೂಂ’ ಎನ್ನುವ ಗೃಹಸ್ಥರು ಈ ಫಲ ತಮಗೂ ಸಲ್ಲಬೇಕೆಂದು ಅರ್ಜಿ ಹಾಕಿದ್ದಾರೆ. ಆ ‘ಹ್ಞೂಂ’ ತೀರಾ ಗಿಡ್ಡವಾದ್ದರಿಂದ ಅರ್ಜಿ ವಜಾ. ಸಂಧ್ಯಾವಂದನೆಯಲ್ಲಿ ಮೂಗು ಹಿಡಿದುಕೊಂಡೇ, ಗೇಟಿನ ಹತ್ತಿರ ಬಂದವರು ಯಾರೆಂದು ಹುಬ್ಬಿನಲ್ಲೇ ವಿಚಾರಿಸುವ ಮಾವಂದಿರ ಅರ್ಜಿ ಪರಿಶೀಲನೆಯಲ್ಲಿದೆ.

ಇನ್ನು ಇತಿಹಾಸ ಖಂಡ. ಉಸಿರಿನ ರಫ್ತು ವ್ಯಾಪಾರದಲ್ಲಿ ಕನ್ನಡ ನೆಲ ಯಾವತ್ತೂ ಹಿಂದೆ ಬಿದ್ದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲೇ, 1934ರಲ್ಲಿ. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಪ್ರಾಣಾಯಾಮಕ್ಕೇ ಮೀಸಲಾದ ದಪ್ಪ ಪುಸ್ತಕವನ್ನು 1981ರಲ್ಲಿ ಇಂಗ್ಲಿಷಿನಲ್ಲಿ ತಂದರು. ಹೀಗೆ ಕಡಲು ದಾಟಿದ ಸರಕು ಈಗ ಮೊಬೈಲಿನಲ್ಲಿ ವರ್ಷದ ಚಂದಾ ಸಮೇತ ಮನೆಗೆ ವಾಪಸು ಬಂದಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಲಾರಿಯ ಹೊಗೆಯ ನಡುವೆ, ‘ಈಗ ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದು ಅದು ಗೆಜ್ಜೆ ಕುಲುಕಿ ಜ್ಞಾಪಿಸುತ್ತದೆ. ಇಂಥಲ್ಲಿ ಉಸಿರು ಬಿಗಿ ಹಿಡಿಯುವುದೇ ಶ್ರೇಯಸ್ಕರ ಎಂಬುದು ನಮ್ಮ ಮತ.

ತೃತೀಯ ಸೂತ್ರ: ಪುರುಸೊತ್ತಿಲ್ಲದವರಿಗೆ ಫಲವಿಲ್ಲ.

ಈ ಸೂತ್ರ ಕಠಿಣ. ದೊಡ್ಡ ಕಚೇರಿಗಳಲ್ಲಿ ಶುಕ್ರವಾರ ಮಧ್ಯಾಹ್ನ ಉಸಿರಾಟದ ಕಾರ್ಯಾಗಾರ ಏರ್ಪಡಿಸುತ್ತಾರೆ. ನಾಲ್ಕು ಎಣಿಸಿ ಎಳೆಯಿರಿ, ಏಳು ಎಣಿಸಿ ಹಿಡಿಯಿರಿ, ಎಂಟು ಎಣಿಸಿ ಬಿಡಿ. ಹಿಂದಿನ ಸಾಲಿನವನ ಜೇಬಿನಲ್ಲಿ ಫೋನು ಗುರ್ರೆನ್ನುತ್ತದೆ. ಐದು ಗಂಟೆಗೆ ಕೊಡಬೇಕಾದ ವರದಿಯ ನೆನಪಾಗಿ ಅವನ ಏಳು ಹದಿನೇಳಾಗುತ್ತದೆ. ಕೆಲಸ ಕಡಿಮೆ ಮಾಡಿ ಎನ್ನುವುದಕ್ಕೆ ಕಂಪನಿಗೆ ಖರ್ಚಿದೆ, ಚೆನ್ನಾಗಿ ಉಸಿರಾಡಿ ಎನ್ನುವುದಕ್ಕೆ ಇಲ್ಲ. ಉಸಿರು ಬಿಡಲೂ ಬಿಡುವು ಕೊಡದವರೇ ಉಸಿರು ಬಿಡುವುದು ಹೇಗೆಂದು ಹೇಳಿಕೊಡುವ ಈ ವಿದ್ಯಮಾನವನ್ನು ಯಾವ ಕುಂಭಕದ ಕೆಳಗೆ ಸೇರಿಸಬೇಕೋ ಪಂಡಿತರು ತೀರ್ಮಾನಿಸಲಿ.

ಇನ್ನೊಂದು ತೊಡಕಿದೆ. ನಮ್ಮ ಪ್ರಥಮ ಸೂತ್ರಕ್ಕೆ ಕೂರುವುದು ಕಡ್ಡಾಯ. ಜವಳಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಸೀರೆ ಬಿಡಿಸಿ ತೋರಿಸುವ, ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕಾದ ಹೆಣ್ಣುಮಕ್ಕಳು ಈ ಶಾಸ್ತ್ರದ ಪರಮ ಅಧಿಕಾರಿಗಳು. ಆದರೆ ಸಾಧನೆಗೆ ಸ್ಟೂಲಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ಪತಂಜಲಿಯೂ ಆಸನವನ್ನು ಪ್ರಾಣಾಯಾಮಕ್ಕಿಂತ ಮುಂಚೆಯೇ ಇಟ್ಟಿದ್ದಾನೆ ಎಂಬುದನ್ನು ಪೂರ್ವಪಕ್ಷಿಯೂ ಒಪ್ಪಲೇಬೇಕು.

ಅಪವಾದ ಸೂತ್ರವೊಂದು ಉಳಿಯಿತು. ಎದೆ ಹಿಂಡಿ, ಎಡಗೈ ಸೆಳೆದು, ಬೆವರು ಕಿತ್ತುಕೊಂಡು ಬರುವ ಏದುಸಿರು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಜಪಮಾಲೆಯ 108 ಬೇಡ, ಆಂಬುಲೆನ್ಸಿನ 108 ಬೇಕು. ಉಬ್ಬಸ ಇರುವವರು ಇನ್‌ಹೇಲರನ್ನು ಬದಿಗಿಟ್ಟು ಭಾಷ್ಯ ಓದಕೂಡದು.

ಉಸಿರಾಟ ಕಲಿಸಲು ಹೊರಟಿರುವ ಸಮಸ್ತ ಮಾಲೀಕರಲ್ಲಿ ಒಂದು ಬಿನ್ನಹ: ತಾವು ಮೊದಲು ಕುರ್ಚಿ ಹಾಕಿಸಿ, ಹತ್ತು ನಿಮಿಷ ಸುಮ್ಮನೆ ಬಿಡಿ. ಉಸ್ಸಪ್ಪಾ ನಮಗೆ ಬರುತ್ತದೆ.