ಹಿಮವಿಲ್ಲದ ಊರಿನ ಕಪ್ಪು ಕನ್ನಡಕ

ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ ಹಿಮದಂತೆ ಬೆಳ್ಳಗೆ ಕಾಣುವುದು ಕುರಿ ಒಂದೇ. ಅದನ್ನು ನೋಡಲು ಬಣ್ಣದ ಗಾಜು ಬೇಕಿಲ್ಲ. ಕೊಳ್ಳುವವನು ಬೆನ್ನು ಸವರಿಯೇ ಮಾಂಸದ ಲೆಕ್ಕ ಹಾಕಿಬಿಡುತ್ತಾನೆ.

ಗುಲ್ಮಾರ್ಗಿನ ಹಿಮದಲ್ಲಿ ಜಾರಲು ಹೊರಟವರಿಗೆ ಆ ಸುಖವಿಲ್ಲ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೂ ಮರಳಿ ಮುಖಕ್ಕೇ ಎರಚುತ್ತದೆ. ಅಲ್ಲಿನ ಕನ್ನಡಕದ ಗಾಜಿಗೋ, ಬೆಳಕು ಬಿಡುವ ಲೆಕ್ಕದಲ್ಲಿ 0ಯಿಂದ 4ರವರೆಗೆ ದರ್ಜೆ. 0 ದರ್ಜೆಯದು ಶೇ. 80ಕ್ಕೂ ಹೆಚ್ಚು ಬೆಳಕು ಬಿಡುವ ಧಾರಾಳಿ, 4ನೆಯದು ಶೇ. 3ರಿಂದ 8ರಷ್ಟೇ ಬಿಡುವ ಜುಗ್ಗ. ಉರಿಬಿಸಿಲಿಗೆ ಕಡುಗಪ್ಪು, ಮೋಡ ಕವಿದಾಗ ನೆಲದ ಉಬ್ಬುತಗ್ಗು ಎತ್ತಿ ತೋರಿಸುವ ಹಳದಿ ಅಥವಾ ಗುಲಾಬಿ, ರಾತ್ರಿಗೆ ಬಣ್ಣವಿಲ್ಲದ್ದು.

ಮಂಡ್ಯದ ಕಡೆ ಎಲ್ಲ ಹೊತ್ತಿಗೂ ಒಂದೇ ಕೂಲಿಂಗ್ ಗ್ಲಾಸು.

ಮದ್ದೂರಿನಿಂದ ಮಳವಳ್ಳಿಗೆ ಬೈಕಿನಲ್ಲಿ ಹೊರಟ ಹೈದ ಮಧ್ಯಾಹ್ನ ಹಾಕಿದ್ದನ್ನು ಮುಸ್ಸಂಜೆಯಾದರೂ ತೆಗೆಯುವುದಿಲ್ಲ. 4ನೇ ದರ್ಜೆಯ ಗಾಜು ತೊಟ್ಟು ಹಗಲಲ್ಲೂ ವಾಹನ ಓಡಿಸಬಾರದೆಂಬುದು ಅವನಿಗೆ ಯಾರು ಹೇಳಬೇಕು? ಮುಂದೆ ಹಿಂದೀಪವಿಲ್ಲದ ಕಬ್ಬಿನ ಗಾಡಿ ಕಂಡಾಗಲೇ ಗ್ಲಾಸು ಹಣೆಗೇರುವುದು. ಹಳದಿ ಗಾಜು ಕೊಂಡ ಗೆಳೆಯನೋ ರಾತ್ರಿಗೂ ಅದನ್ನೇ ಹಾಕುತ್ತಾನೆ. ಅದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ. ಆದರೆ ಕಣ್ಣಿಗೆ ಬಡಿಯುವ ಹುಳುಗಳು ಬಣ್ಣ ನೋಡುವುದಿಲ್ಲವಲ್ಲ!