ಬೆಳಕಿನ ರಾಯರು

ವಾಹನವ್ಯಾಮೋಹಿಗಳಲ್ಲಿ ವೇಗದ ಉಪಾಸಕರು ಕೆಲವರು, ನಾದದ ಉಪಾಸಕರು ಕೆಲವರು. ಮೊದಲನೆಯವರನ್ನು ಪೊಲೀಸರೂ ಎರಡನೆಯವರನ್ನು ನೆರೆಹೊರೆಯವರೂ ವಿಚಾರಿಸಿಕೊಳ್ಳುತ್ತಾರೆ. ಮೂರನೆಯದಾದ ದೀಪೋಪಾಸಕರ ಪಂಥದಲ್ಲಿ, ಶಾಕ್ತರಲ್ಲಿರುವಂತೆಯೇ, ವಾಮಾಚಾರಿಗಳೆಂದೂ ದಕ್ಷಿಣಾಚಾರಿಗಳೆಂದೂ ಎರಡು ಶಾಖೆಗಳುಂಟು. ವಾಮಾಚಾರಿಗಳನ್ನು ನಾನು ಪರಿಚಯ ಮಾಡಿಕೊಡಬೇಕಾದುದಿಲ್ಲ. ರಾತ್ರಿಯ ವೇಳೆ ಯಾವ ಊರಿನ ಹೊರಗಿನ ಕಿರಿದಾದ ರಸ್ತೆಯಲ್ಲಾದರೂ ನೀವು ಹೋಗುತ್ತಿರಲು, ಎದುರಿನಿಂದ ಎರಡು ನೀಲಿಯ ಚಂದ್ರರು ಏಕಕಾಲದಲ್ಲಿ ಉದಿಸಿ, ನಿಮಗೆ ರಸ್ತೆಯೂ ಅದರ ಅಂಚೂ ಅಂಚಿನ ಚರಂಡಿಯೂ ಅಭೇದವಾಗಿ ತೋರಿ, ಅದ್ವೈತಾನುಭವ ಉಂಟಾಯಿತೆಂದರೆ, ಆ ಚಂದ್ರರ ಹಿಂದೆ ಚಕ್ರ ಹಿಡಿದು ಕುಳಿತವನೇ ವಾಮಾಚಾರಿ. ದಕ್ಷಿಣಾಚಾರಿಗಳು ವಿರಳ. ಅಂಥವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ.

ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿ, ಜೀವಮಾನದ ಬಹುಭಾಗವನ್ನು ಜನರಿಗೆ ಕತ್ತಲೆಯ ಕಾರಣಗಳನ್ನು ವಿವರಿಸುವುದರಲ್ಲಿ ಕಳೆದು ನಿವೃತ್ತರಾದ ಈ ರಾಯರಿಗೆ, ಶೇಷಾಯುಷ್ಯವನ್ನು ಬೆಳಕಿಗೆ ಮುಡಿಪಾಗಿಡಬೇಕೆಂಬ ಸಂಕಲ್ಪ ಹುಟ್ಟಿದುದು ಸಹಜವೇ ಸರಿ. ರಾತ್ರಿ ಒಂಬತ್ತಕ್ಕೆ ಮಲಗುವ, ಕತ್ತಲಾದ ಮೇಲೆ ಕಾರು ತೆಗೆಯುವ ಪ್ರಸಂಗವೇ ಅಪರೂಪವಾದ ಗೃಹಸ್ಥರಿಗೆ ಝೆನಾನ್ ದೀಪವೇಕೆ ಎಂಬ ಪ್ರಶ್ನೆಯನ್ನು ಅವರ ಮನೆಯವರೊಬ್ಬರೇ ಕೇಳಿದರು. ಅದಕ್ಕೆ ಉತ್ತರರೂಪವಾಗಿ ರಾಯರು, 1898ರಲ್ಲಿ ಲಂಡನ್ನಿನಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು ಈ ಅನಿಲವನ್ನು ಕಂಡುಹಿಡಿದ ಬಗೆಯಿಂದ ಆರಂಭಿಸಿ, ಗಾಳಿಯ ಒಂದು ಕೋಟಿ ಭಾಗದಲ್ಲಿ ಅದು ಒಂದು ಭಾಗದಷ್ಟೂ ಇಲ್ಲವೆಂಬುದನ್ನು ತಿಳಿಸಿ, 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮುಖದಲ್ಲಿ ಅದು ಮೊದಲು ಬೆಳಗಿದ ಕಥೆಗೆ ಬರುವಷ್ಟರಲ್ಲಿ ಆಕೆ ಸಾರಿಗೆ ಒಗ್ಗರಣೆ ಹಾಕಿ, ಊಟಕ್ಕೆ ಬಡಿಸಿ, ಕೈತೊಳೆಯಲು ಎದ್ದಿದ್ದರು. ಉಳಿದ ಭಾಗ ಮರುದಿನ ಹಾಲಿನವನ ಪಾಲಿಗೆ ಬಂದಿತು. ಈ ದೀಪದಲ್ಲಿ ತಂತಿಯಿಲ್ಲ; ಸುಮಾರು ನಾಲ್ಕು ಮಿಲಿಮೀಟರ್ ಅಂತರದಲ್ಲಿರುವ ಎರಡು ವಿದ್ಯುದ್ವಾರಗಳ ನಡುವೆ ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ಕಿಡಿಯೊಂದನ್ನು ಬ್ಯಾಲಸ್ಟ್ ಎಂಬ ಪೆಟ್ಟಿಗೆ ಹೊಡೆಯುತ್ತದೆ; ಹೊತ್ತಿಕೊಂಡ ಮೇಲೆ ಸುಮಾರು 85 ವೋಲ್ಟಿನಲ್ಲಿ, ಬರಿಯ 35 ವಾಟಿನಲ್ಲಿ, ಸಾಮಾನ್ಯ ಹ್ಯಾಲೊಜೆನ್ ಬಲ್ಬಿನ ಎರಡು ಮೂರು ಪಾಲು ಬೆಳಕು. ಹಾಲಿನವನು ಎಲ್ಲವನ್ನೂ ಕೇಳಿ, "ಹಂಗಾದ್ರೆ ಕರೆಂಟ್ ಬಿಲ್ ಕಮ್ಮಿ ಬತ್ತದೆ ಬುಡಿ ಸೋಮಿ" ಎಂದನಂತೆ.

ರಾಯರ ಅಳಿಯ, ಅಂದರೆ ಅಕ್ಕನ ಮಗ, ವಾಮಾಚಾರಿ. ಅವನು ಒಂದು ಭಾನುವಾರ ಜೆ.ಸಿ. ರಸ್ತೆಗೆ ಹೋಗಿ, ಒಂದು ಕಿಟ್ಟನ್ನು ಚೌಕಾಸಿ ಮಾಡಿ ಕೊಂಡು, ಅಂಗಡಿಯ ಮುಂದೆಯೇ ಹುಡುಗನೊಬ್ಬನಿಂದ ಹಾಕಿಸಿ, ನೇರವಾಗಿ ಮಾವನ ಆಶೀರ್ವಾದಕ್ಕೆಂದು ಬಂದನು.

"ನೋಡಿ ಮಾವ, ಎಂಟು ಸಾವಿರ ಕೆಲ್ವಿನ್! ದಾರೀಲಿ ಎದುರಿಗೆ ಬಂದೋರೆಲ್ಲ ಲೈಟ್ ಮಿಟುಕಿಸಿ ಹೋದ್ರು. ಎಷ್ಟು ಮರ್ಯಾದೆ ಕೊಡ್ತಾರೆ!"

"ಅದು ಮರ್ಯಾದೆಯಲ್ಲವಯ್ಯ, ಬೈಗುಳ" ಎಂದರು ರಾಯರು.

ಅನಂತರ ನಡೆದ ಉಪನ್ಯಾಸವನ್ನು ಕಾಂಪೌಂಡಿನಾಚೆಯಿಂದ ನಾನೂ ಕೇಳಿದೆನು. ಕೆಲ್ವಿನ್ ಎಂಬುದು ಬಣ್ಣದ ಅಳತೆಯೇ ಹೊರತು ಬೆಳಕಿನದಲ್ಲ. ಕಾರ್ಖಾನೆಯವರು ತಾವಾಗಿಯೇ ಹಾಕುವ ಬಲ್ಬು 4,300ರ ಆಸುಪಾಸಿನದು. ಅಂಕಿ ಏರಿದಷ್ಟೂ ನೀಲಿ ಹೆಚ್ಚಿ ಬೆಳಕು ಇಳಿಯುವುದರಿಂದ, ಅಳಿಯನು ಹೆಚ್ಚು ಹಣ ಕೊಟ್ಟು ಕಡಮೆ ಬೆಳಕನ್ನು ತಂದಿದ್ದನು. ಅದಕ್ಕಿಂತ ಘೋರವಾದುದೆಂದರೆ, ಹ್ಯಾಲೊಜೆನ್ ದೀಪದ ಬಟ್ಟಲಿನ ಒಂದೊಂದು ಬಾಗೂ ಅದರ ನಡುವಿನ ಎಳೆತಂತಿಯ ಸ್ಥಾನವನ್ನೂ ಆಕಾರವನ್ನೂ ಆಧರಿಸಿ ಗಣಿತವಾದದ್ದು. ಡಿಮ್ಮಿನ ತಂತಿಯ ಅಡಿಯಲ್ಲಿ ಪುಟ್ಟದೊಂದು ಲೋಹದ ತೊಟ್ಟಿಲನ್ನಿಟ್ಟು, ಬೆಳಕು ಮೇಲಕ್ಕೆ ಚಿಮ್ಮದಂತೆ ಕಾಪಾಡಿರುತ್ತಾರೆ. ಆ ತಂತಿಯನ್ನು ಕಿತ್ತು ಅದರ ಜಾಗದಲ್ಲಿ ಬೇರೆಯೇ ಆಕೃತಿಯ ಬಾಗಿದ ಜ್ವಾಲೆಯನ್ನು ಪ್ರತಿಷ್ಠಾಪಿಸಿದರೆ, ಬೆಳಕು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೂ, ಉಳಿದದ್ದು ತೆಂಗಿನಮರದಲ್ಲಿ ಮಲಗಿದ ಕಾಗೆಗಳಿಗೂ ಹಂಚಿಹೋಗುತ್ತದೆ. ಅಳಿಯನು ವಿನಯದಿಂದ ಕೇಳಿ, ಕಾಫಿ ಕುಡಿದು, ಕಾಗೆಗಳನ್ನು ಎಬ್ಬಿಸುತ್ತ ಹೊರಟುಹೋದನು.

ತಾವು ಮಾಡುವುದಾದರೆ ಶಾಸ್ತ್ರೋಕ್ತವಾಗಿಯೇ ಮಾಡಬೇಕೆಂದು ರಾಯರು ಅಂದೇ ನಿಶ್ಚಯಿಸಿದರು. ಬಲ್ಬನ್ನು ಮಾತ್ರ ಬದಲಿಸುವ ಮಾತೇ ಇಲ್ಲ. ಅವರ ಕಾರಿನದೇ ದುಬಾರಿಯ ಮಾದರಿಯೊಂದಕ್ಕೆ ಕಾರ್ಖಾನೆಯಲ್ಲಿಯೇ ಝೆನಾನ್ ದೀಪ ಕೂಡಿಸುತ್ತಿದ್ದರಾಗಿ, ಆ ದೀಪದ ಇಡೀ ಜೋಡಣೆಯನ್ನೇ, ಮಸೂರ ಬ್ಯಾಲಸ್ಟುಗಳ ಸಮೇತ, ತರಿಸತಕ್ಕದ್ದೆಂದು ಹುಡುಕಾಟಕ್ಕೆ ತೊಡಗಿದರು. ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಜೊತೆಯೊಂದು ಅರ್ಧಬೆಲೆಗೆ ಒದಗಿತಾದರೂ, ರಾಯರು ಅದನ್ನು ಬ್ಯಾಟರಿಗೆ ಹಚ್ಚಿ ಗೋಡೆಯ ಮೇಲೆ ನೋಡಿ, ಬೆಳಕಿನ ಗೆರೆ ಬಲಗಡೆಗೆ ಮೇಲೇರುವುದನ್ನು ಕಂಡು ಹಿಂದಿರುಗಿಸಿಬಿಟ್ಟರು. ಬಲಮಗ್ಗುಲಲ್ಲಿ ಓಡಾಡುವವರ ದೇಶದ ದೀಪ ತನ್ನ ಪಕ್ಕದ ಕಾಲುದಾರಿಯನ್ನು ತೋರಿಸಲೆಂದು ಬಲಕ್ಕೆ ಏರುತ್ತದೆ; ಎಡಮಗ್ಗುಲಿನವರಾದ ನಮ್ಮಲ್ಲಿ ಆ ಏರು ಸರಿಯಾಗಿ ಎದುರಿನವನ ಹುಬ್ಬಿನ ನಡುವೆ ಹೋಗಿ ನಿಲ್ಲುತ್ತದೆ. ಅಂಗಡಿಯವನು ಈ ವ್ಯವಹಾರದಲ್ಲಿ ಇಂಥದೊಂದು ಧರ್ಮಸೂಕ್ಷ್ಮವನ್ನು ಹಿಂದೆಂದೂ ಕೇಳಿರಲಿಲ್ಲವಂತೆ.

ಯೂರೋಪಿನಲ್ಲಿ 2,000 ಲ್ಯೂಮೆನ್ನಿಗೆ ಮೀರಿದ ದೀಪವಿರುವ ಕಾರಿಗೆ, ಹಿಂದಿನ ಸೀಟಿನಲ್ಲಿ ಜನ ತುಂಬಿ ಮೂತಿ ಮೇಲೆದ್ದರೂ ದೀಪ ತಾನಾಗಿ ತಲೆತಗ್ಗಿಸುವ ಯಂತ್ರವೂ, ದೀಪದ ಗಾಜನ್ನು ತೊಳೆಯುವ ನೀರಿನ ಚಿಲುಮೆಯೂ ಇರಲೇಬೇಕು. ಕೊಳೆಯಾದ ಗಾಜು ಬೆಳಕನ್ನು ಕಂಡಕಂಡ ಕಡೆಗೆ ಚೆಲ್ಲುತ್ತದೆಂಬುದು ಕಾರಣ. ನಮ್ಮಲ್ಲಿ ಕೇಳುವವರಿಲ್ಲದಿದ್ದರೂ ರಾಯರು ಎರಡನ್ನೂ ಹಾಕಿಸಿದರು. ಚಿಲುಮೆಯ ಪ್ರಥಮ ಪ್ರಯೋಗಕಾಲದಲ್ಲಿ ಗೇಟಿನ ಮುಂದೆ ರಂಗೋಲಿ ಮುಗಿಸಿ ಏಳುತ್ತಿದ್ದ ಅವರ ಮನೆಯವರು ಎರಡನೆಯ ಸಲ ಸ್ನಾನ ಮಾಡಬೇಕಾಯಿತು.

ಕೂಡಿಸುವ ಕಾರ್ಯವನ್ನು ಮೆಕ್ಯಾನಿಕ್ಕನ ಕೈಯಿಂದ ಮಾಡಿಸಿದರೂ ರಾಯರು ಪುರೋಹಿತರಂತೆ ಪಕ್ಕದಲ್ಲಿಯೇ ನಿಂತಿದ್ದರು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಉರಿಯುವ ದೀಪದ ಹಿಂಬದಿಗೆ ಕೈಯಿಡಕೂಡದು, ಅಲ್ಲಿರುವುದು ಪ್ರಾಣಾಪಾಯದ ವೋಲ್ಟೇಜು. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಅಂಟಿದ ಜಾಗ ಕಾದು ಗಾಜು ಕೆಡುತ್ತದೆ. ಬ್ಯಾಲಸ್ಟನ್ನು ನೀರು ಎರಚದ, ಎಂಜಿನ್ನಿನ ಕಾವು ತಟ್ಟದ ತಾವಿನಲ್ಲಿ ಬಿಗಿಯಬೇಕು, ಪ್ಲಾಸ್ಟಿಕ್ ಪಟ್ಟಿಯಿಂದ ಜೋತುಹಾಕುವುದಲ್ಲ. ಕರೆಂಟು ಕಾರಿನ ಹಳೆಯ ಸ್ವಿಚ್ಚಿನ ತಂತಿಯಲ್ಲಿ ಬಾರದೆ, ಬ್ಯಾಟರಿಯಿಂದ ನೇರವಾಗಿ ಫ್ಯೂಸು ರಿಲೇಗಳ ಮೂಲಕ ಬರಬೇಕು. ಮೆಕ್ಯಾನಿಕ್ಕನು ಮಧ್ಯಾಹ್ನದವರೆಗೆ ಸಹಿಸಿ, "ಸಾರ್, ನೀವು ಒಳಗೆ ಕೂತು ಎಫ್.ಎಂ. ಕೇಳಿ" ಎಂದನು.

ಇನ್ನು ಗೋಡೆಯ ವಿಚಾರ. ರಾಯರ ನಿಜವಾದ ದಾಂಪತ್ಯ ಈ ಗೋಡೆಯೊಡನೆಯೇ ಎಂದು ಬೀದಿಯಲ್ಲಿ ಮಾತಿದೆ. ಸಮತಟ್ಟಾದ ನೆಲ, ನಾಲ್ಕು ಟೈರಿಗೂ ಸರಿಯಾದ ಗಾಳಿ, ಹತ್ತು ಮೀಟರ್ ದೂರದಲ್ಲಿ ಗೋಡೆ. ದೀಪದ ನಡುವಿನ ಎತ್ತರಕ್ಕೆ ಒಂದು ಸೀಮೆಸುಣ್ಣದ ಗೆರೆ, ಅದಕ್ಕೆ ಹತ್ತು ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್ಮಿನ ಬೆಳಕಿನ ಮೇಲಂಚು ಈ ಕೆಳಗೆರೆಯಲ್ಲಿ ಕತ್ತರಿಸಿದಂತೆ ನಿಂತು ಎಡತುದಿಯಲ್ಲಿ ಮಾತ್ರ ಏರಿದರೆ, ನೂರಕ್ಕೆ ಒಂದರ ಇಳಿಜಾರು ಸಿದ್ಧಿಸಿತೆಂದು ಅರ್ಥ. ಚಾಲಕನ ಸೀಟಿನಲ್ಲಿ 75 ಕಿಲೋ ಭಾರವಿರಬೇಕೆಂಬ ನಿಯಮವೂ ಉಂಟು. ರಾಯರ ತೂಕ 58 ಆದುದರಿಂದ, ಉಳಿದ ಹದಿನೇಳು ಕಿಲೋ ಸೋನಾಮಸೂರಿ ಅಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು; ಅಂದು ರಾತ್ರಿ ಆ ಮನೆಯಲ್ಲಿ ಉಪ್ಪಿಟ್ಟು. ಎದುರುಮನೆಯವರ ಕಾಂಪೌಂಡಿನ ಮೇಲೆ ಆ ಗೆರೆಗಳು ಈಗಲೂ ಇವೆ. ಹೋದ ದೀಪಾವಳಿಗೆ ಅವರು ಸುಣ್ಣ ಹೊಡೆಸುವಾಗ ರಾಯರು ಆಳಿನ ಕೈಹಿಡಿದು ಅಷ್ಟು ಭಾಗವನ್ನು ಉಳಿಸಿಕೊಂಡರು.

ಮೋಟಾರು ವಾಹನ ಕಾಯಿದೆಯನ್ನೂ ಅವರು ಬಿಡಲಿಲ್ಲ. ಕಾರ್ಖಾನೆ ನಮೂದಿಸಿದ ವಿವರಗಳನ್ನು ಮಾರ್ಪಡಿಸಕೂಡದೆನ್ನುವ 52ನೆಯ ಪ್ರಕರಣ, ಅಕ್ರಮವಾಗಿ ಮಾರ್ಪಡಿಸಿದವನಿಗೆ ಆರು ತಿಂಗಳವರೆಗಿನ ಸೆರೆಯನ್ನಾಗಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡವನ್ನಾಗಲಿ ವಿಧಿಸುವ 2019ರ ತಿದ್ದುಪಡಿ, ದೀಪದ ಗಾಜಿನ ಮೇಲಿನ ಅನುಮೋದನೆಯ ಮುದ್ರೆಯ ಛಾಯಾಚಿತ್ರ, ಇವೆಲ್ಲವೂ ಸೇರಿ ಒಂದು ಕಡತವಾಗಿ, ಆ ಕಡತದೊಡನೆ ರಾಯರು ಸಾರಿಗೆ ಇನ್ಸ್‌ಪೆಕ್ಟರರೊಬ್ಬರನ್ನು ಸಂದರ್ಶಿಸಿದರು. ಇನ್ಸ್‌ಪೆಕ್ಟರರು ಪ್ರಶ್ನೆಗಳೇನನ್ನೂ ಹಾಕಲಿಲ್ಲವೆಂದು ರಾಯರು ಹೇಳುತ್ತಾರೆ. ಹಾಕಲು ಅವಕಾಶ ದೊರೆತಿರಲಾರದೆಂದು ನನ್ನ ಊಹೆ.

ಇಷ್ಟೆಲ್ಲ ಆದ ಮೇಲೆಯೇ ರಾಯರ ವ್ಯಥೆ ಆರಂಭವಾದದ್ದು. ಸರಿಯಾಗಿ ಕೂಡಿಸಿದ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲವಷ್ಟೆ! ಅಳಿಯನ ದೀಪವನ್ನು ಇಡೀ ಬಡಾವಣೆ ಬಲ್ಲದು, ಶಪಿಸುತ್ತದೆ, ಚರ್ಚಿಸುತ್ತದೆ. ರಾಯರ ದೀಪ ರಸ್ತೆಗೆ ಬೇಕಾದಷ್ಟು ಬೆಳಕನ್ನು ಸುರಿದು, ಎದುರಿನವನ ಸೊಂಟದ ಮಟ್ಟದಲ್ಲಿ ಸಭ್ಯವಾಗಿ ನಿಂತುಬಿಡುತ್ತದೆ. ಯಾರೂ ಮಿಟುಕಿಸುವುದಿಲ್ಲ, ಯಾರೂ ಬೈಯುವುದಿಲ್ಲ, ಆದುದರಿಂದ ಯಾರೂ ಕೇಳುವುದಿಲ್ಲ. ಕೇಳದವರಿಗೆ ತಾವಾಗಿಯೇ ಹೇಳಬೇಕಾದ ಕರ್ತವ್ಯ ರಾಯರ ಪಾಲಿಗೆ ಬಂದಿದೆ. ಡಿಮ್ಮು ಮಾಡುವ ಸ್ವಿಚ್ಚು ಅವರ ಕಾರಿಗುಂಟು, ಮಾತಿಗಿಲ್ಲ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಅಕ್ಷರಶಃ ದಂಡಯಾತ್ರೆ ಹೊರಟಾಗ, ಅಳಿಯನು ದಂಡ ತೆತ್ತು ಕಿಟ್ಟನ್ನು ಕಿತ್ತು ಅಟ್ಟಕ್ಕೆಸೆದನು. ರಾಯರೋ, ಒಂಬತ್ತರ ನಿದ್ರೆಯನ್ನು ತ್ಯಜಿಸಿ, ಕಡತವನ್ನು ಪಕ್ಕದ ಸೀಟಿನಲ್ಲಿರಿಸಿ, ಪೊಲೀಸರು ನಿಂತಿರುವರೆಂದು ಕೇಳಿಬಂದ ವೃತ್ತಗಳಲ್ಲೆಲ್ಲ ರಾತ್ರಿರಾತ್ರಿ ಸುಳಿದಾಡಿದರು. ಒಬ್ಬನೂ ತಡೆಯಲಿಲ್ಲ. "ಯಾರೂ ಹಿಡೀಲಿಲ್ಲ ಅಂತ ಇವರಿಗೆ ಊಟ ಸೇರ್ತಿಲ್ಲ" ಎಂದು ಅವರ ಮನೆಯವರು ನನ್ನ ಮನೆಯವಳಲ್ಲಿ ಹೇಳಿಕೊಂಡರು.

ಆ ಮಳೆಗಾಲದಲ್ಲಿಯೇ ಅವರು ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿಯ ಮೂಲಕ ಹಿಂದಿರುಗಿದರು; ಜೊತೆಯಲ್ಲಿ ನಾವೂ ಇದ್ದೆವು. ಅಪರಾಹ್ನದಲ್ಲಿಯೇ ಮಂಜು ಕವಿಯಿತು. ದೀಪದ ಪರಾಕ್ರಮವನ್ನು ತೋರಿಸಲು ಇದೇ ಸಮಯವೆಂದು ರಾಯರು ಸ್ವಿಚ್ಚು ಒತ್ತಿದರು. ಮಂಜಿಗೆ ಇಲಾಖೆಯ ಅನುಭವದ ಗೌರವವಿಲ್ಲ; ಎಷ್ಟು ಬೆಳಕು ಕೊಟ್ಟರೆ ಅಷ್ಟನ್ನೂ ಮುಖದ ಮೇಲೆಯೇ ಹಿಂದಕ್ಕೆ ಎರಚುತ್ತದೆ. ಇಷ್ಟು ಕಾಲ ಗೋಡೆಯನ್ನು ಪ್ರೀತಿಸಿದ ರಾಯರ ಎದುರಿಗೆ, ಸೀಮೆಸುಣ್ಣ ಹಿಡಿಯದ ಬಿಳಿಯ ಗೋಡೆಯೊಂದು ತಿರುವುತಿರುವಿಗೂ ಎದ್ದು ನಿಲ್ಲುತ್ತಿತ್ತು. ಡಿಮ್ಮಿಗಿಳಿಸಿ, ಮುಂದೆ ಏರುತ್ತಿದ್ದ ಸರಕಾರಿ ಬಸ್ಸಿನ ಹಿಂಬದಿಯ ಮಾಸಿದ ಕೆಂಪು ದೀಪವನ್ನೇ ಹಿಡಿದು, ಕೊಟ್ಟಿಗೆಹಾರವನ್ನು ಸೇರಿದೆವು.

ಅಲ್ಲಿ ನೀರುದೋಸೆಗೆ ಇಳಿದಾಗ ಬಸ್ಸಿನ ಡ್ರೈವರೂ ಚಹ ಕುಡಿಯುತ್ತಿದ್ದನು. ರಾಯರಿಗೆ ಜೀವ ಬಂದಿತು. ಘಾಟಿಯುದ್ದಕ್ಕೂ ಬೆನ್ನಿಗೇ ಇದ್ದ ತಮ್ಮ ದೀಪದ ಯೋಗ್ಯತೆಯನ್ನು ಕನ್ನಡಿಯಲ್ಲಿ ಕಂಡ ಸಾಕ್ಷಿ ಅವನೊಬ್ಬನೇ ಅಲ್ಲವೆ? ಬಳಿಗೆ ಹೋಗಿ, ಕಂಠ ಸರಿಪಡಿಸಿಕೊಂಡು, "ಏನಪ್ಪ, ಹಿಂದಿನಿಂದ ನಮ್ಮ ಲೈಟು ನಿಮ್ಮ ಕಣ್ಣಿಗೆ ಏನಾದರೂ ಹೊಡೆಯಿತೆ?" ಎಂದು ಕೇಳಿದರು.

ಡ್ರೈವರು ಲೋಟವನ್ನು ತುಟಿಯಿಂದ ತೆಗೆದು, ಅವರನ್ನೂ ಕಾರನ್ನೂ ನೋಡಿ, "ಓಹೋ, ಹಿಂದೆ ನೀವು ಇದ್ರಾ ಸಾರ್?" ಎಂದನು.

ರಾಯರ ಮನೆಯವರಿಗೆ ನೀರುದೋಸೆ ನೆತ್ತಿಗೆ ಹತ್ತಿತು.