ಗೋಪುರವೂ ಮರಳದಿಣ್ಣೆಯೂ

ಇಂಗ್ಲಿಷ್ ಬಲ್ಲವರ ವಾಗ್ವಾದಗಳಲ್ಲಿ ಪ್ರತಿಪಕ್ಷದವರ ಬಾಯಿ ಕಟ್ಟಲು ಒದಗುವ ಲ್ಯಾಟಿನ್ ಅಸ್ತ್ರಗಳು ಹಲವುಂಟಾದರೂ ‘ಪೋಸ್ಟ್ ಹಾಕ್, ಎರ್ಗೊ ಪ್ರಾಪ್ಟರ್ ಹಾಕ್’ ಎಂಬುದರ ಗಾಂಭೀರ್ಯವೇ ಬೇರೆ. ಒಂದರ ತರುವಾಯ ಇನ್ನೊಂದು ಆಯಿತಾದುದರಿಂದ ಮೊದಲನೆಯದರಿಂದಲೇ ಎರಡನೆಯದಾಯಿತೆಂದು ನಂಬುವ ತರ್ಕದೋಷಕ್ಕೆ ಅದು ಹೆಸರು. ಅಥೆನ್ಸಿನ ವಾಗ್ಮಿ ಡೆಮಾಸ್ತನೀಸನ ರಾಜನೀತಿಯ ಬೆನ್ನಿಗೇ ಯುದ್ಧ ಬಂದುದರಿಂದ ಸಕಲ ಅನರ್ಥಗಳಿಗೂ ಆ ನೀತಿಯೇ ಮೂಲವೆಂದ ಅವನ ಎದುರಾಳಿ ಡೆಮೇಡೀಸನ ಮಾತನ್ನು ಅರಿಸ್ಟಾಟಲನು ತನ್ನ ‘ರೆಟರಿಕ್’ ಗ್ರಂಥದಲ್ಲಿ ಈ ದೋಷಕ್ಕೇ ಉದಾಹರಿಸಿದ್ದಾನೆ. ಈಗಿನವರು ಸಮಯಾಭಾವದಿಂದಲೋ ಏನೋ, ಬಾಲವನ್ನು ಬಿಟ್ಟು ‘ಪೋಸ್ಟ್ ಹಾಕ್’ ಎಂದಷ್ಟೇ ನುಡಿದು ಕೈತೊಳೆದುಕೊಳ್ಳುವುದುಂಟು.

ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ನನ್ನ ಮಿತ್ರರೊಬ್ಬರಿಗೆ ಇದು ಜಪಮಂತ್ರ. ತಾವು ಮಾಳಿಗೆಯ ಮೇಲೆ ಸಂಡಿಗೆ ಇಟ್ಟೊಡನೆಯೇ ಮೋಡ ಕವಿಯುವುದನ್ನು ಎಷ್ಟೋ ಬೇಸಿಗೆಗಳಿಂದ ಕಂಡು ನೊಂದಿದ್ದ ನಮ್ಮ ಸೋದರತ್ತೆ ಆ ಸಂಕಟವನ್ನು ತೋಡಿಕೊಂಡಾಗ, ಅವರು ಕಣ್ಣು ಅರೆಮುಚ್ಚಿ “ಪೋಸ್ಟ್ ಹಾಕ್” ಎಂದರು. “ಯಾವ ಕಾಗದ ಮೇಷ್ಟ್ರೇ, ಪೋಸ್ಟಿಗೆ ಹಾಕಬೇಕಾದ್ದು?” ಎಂದರು ಅತ್ತೆ. ಕಾರ್ಯಕಾರಣಭಾವದ ಸವಿಸ್ತಾರ ವ್ಯಾಖ್ಯಾನವನ್ನು ತಾಳ್ಮೆಯಿಂದ ಕೇಳಿದ ಮೇಲೆ, “ಹಾಗಾದರೆ ನಾಳೆ ಮಳೆ ಬರೋದಿಲ್ಲ ಅಂತ ಬರೆದುಕೊಡಿ, ಹಿಟ್ಟು ಕಾಯಿಸ್ತೀನಿ” ಎಂದರು. ಮೇಷ್ಟರು ಬರೆದುಕೊಡಲಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆನ್ನುವ ನಮ್ಮವರು ಕಾಗೆಯನ್ನು ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಲ್ಯಾಟಿನ್ನಿನವರಿಗೆ ಕಾಗೆಯೇ ಕಾರಣವೆಂದವನನ್ನು ದೋಷಿಯೆಂದು ಸಾಬೀತುಮಾಡದೆ ತೃಪ್ತಿಯಿಲ್ಲ.

ಇಂಗ್ಲಿಷರಲ್ಲಿ ಈ ದೋಷಕ್ಕೆ ಹೆಸರಾದ ದೃಷ್ಟಾಂತವನ್ನು ಲ್ಯಾಟಿಮರ್ ಪಾದ್ರಿ 1550ರಲ್ಲಿ ದೊರೆಯ ಸಮ್ಮುಖದಲ್ಲಿಯೇ ಹೇಳಿದನು. ಕೆಂಟ್ ಸೀಮೆಯ ಸ್ಯಾಂಡ್‌ವಿಚ್ ಬಂದರು ಮರಳಿನಿಂದ ಮುಚ್ಚಿಹೋಗುತ್ತಿದ್ದುದಕ್ಕೂ ಅದರ ಬಳಿಯ ಕಡಲಿನಲ್ಲಿರುವ ಗುಡ್‌ವಿನ್ ಮರಳದಿಣ್ಣೆಗೂ ಕಾರಣವೇನೆಂದು ವಿಚಾರಿಸಲು ಹೋದ ಥಾಮಸ್ ಮೋರನು, ನೆರೆದವರಲ್ಲೆಲ್ಲ ಹಿರಿಯನೆನಿಸಿದ, ನೂರರ ಅಂಚಿನಲ್ಲಿದ್ದಂತೆ ತೋರಿದ ಬಿಳಿದಲೆಯ ಮುದುಕನೊಬ್ಬನನ್ನು ಕೇಳಲಾಗಿ, ಆತನು “ಟೆಂಟರ್ಡನ್ನಿನ ಚರ್ಚಿನ ಗೋಪುರವೇ ಕಾರಣ ಸ್ವಾಮಿ, ಅದನ್ನು ಕಟ್ಟಿದ್ದು ನನಗೆ ನೆನಪಿದೆ, ಅದಕ್ಕೂ ಮುಂಚೆ ಈ ಮರಳಿನ ಮಾತೇ ಇರಲಿಲ್ಲ” ಎಂಬ ಅಭಿಪ್ರಾಯವನ್ನಿತ್ತನಂತೆ. ಟೆಂಟರ್ಡನ್ನಾದರೋ ಕಡಲಿನಿಂದ ಒಳಗಿರುವ ಊರು. ಮುದುಕನ ಮಾತು ನಗೆಗೀಡಾಗಿ ಗಾದೆಯಾಗಿ ನಿಂತಿತು.

ನಗುವುದಕ್ಕೆ ಮೊದಲು ಮುದುಕನನ್ನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತೆಂದು ನನ್ನ ಮತ. ಏಕೆಂದರೆ 1662ರಲ್ಲಿ ಹೊರಬಂದ ಥಾಮಸ್ ಫುಲ್ಲರನ ಗ್ರಂಥದಲ್ಲಿ ಈ ಕಥೆಗೊಂದು ಉತ್ತರಾರ್ಧವಿದೆ: ಕಡಲದಂಡೆಯ ಒಡ್ಡಿಗೆಂದು ಜನರಿಂದ ಕೂಡಿಸಿದ್ದ ಹಣವು ಬಿಷಪ್ಪನೊಬ್ಬನ ವಶದಲ್ಲಿದ್ದು, ಸಮುದ್ರವು ಬಹಳ ವರ್ಷ ಸುಮ್ಮನಿದ್ದುದರಿಂದ, ಆ ದುಡ್ಡನ್ನು ಅವನು ಟೆಂಟರ್ಡನ್ನಿನ ಗೋಪುರಕ್ಕೆ ಸುರಿಯಲಾಗಿ, ಅನಂತರ ಸಮುದ್ರವು ಒಳನುಗ್ಗಿತಂತೆ. ಹಾಗಿದ್ದ ಪಕ್ಷದಲ್ಲಿ ಮುದುಕನು ತರ್ಕದಲ್ಲಿ ತಪ್ಪಿರಲಿಲ್ಲ, ಲೆಕ್ಕಪತ್ರದ ವಿವರ ಒಪ್ಪಿಸುವುದನ್ನು ಮರೆತಿದ್ದನಷ್ಟೆ.

ಇದನ್ನು ಮೇಷ್ಟರ ಮುಂದಿಟ್ಟೆ. ಅವರು ಕದಲಲಿಲ್ಲ.

“ಫುಲ್ಲರನ ಕಥೆ ಎಂದಿನದು?”

“ಗಾದೆ ಹುಟ್ಟಿ ನೂರು ವರ್ಷವಾದ ಮೇಲಿನದು.”

“ಅಲ್ಲಿಗೆ ಸರಿಯಾಯಿತು. ಗಾದೆಯಾದ ಮೇಲೆ ಬಂದ ಕಥೆ. ಆದುದರಿಂದ ಗಾದೆಯಿಂದಲೇ ಹುಟ್ಟಿದ ಕಥೆ!”

ಈ ಬಗೆಯ ಅನುಮಾನಕ್ಕೆ ಲ್ಯಾಟಿನ್ನಿನಲ್ಲಿ ಏನೋ ಒಂದು ಹೆಸರಿರಬೇಕಲ್ಲವೇ ಎಂದು ನಾನು ವಿನಯದಿಂದ ಕೇಳಿದೆ. ಮೇಷ್ಟರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿ, ಕಾಫಿಗೆ ಈ ಸಲ ಚಿಕೋರಿ ಹೆಚ್ಚಾಯಿತೇ ಎಂದು ಅತ್ತೆಯನ್ನು ವಿಚಾರಿಸಿದರು.